ಲಾರಿ ಬಾಡಿಗೆ ಎತ್ತಿಟ್ಟರೆ ಸಾಕಾ?

ಮುಂದಿನ ತಿಂಗಳು ಬಾಡಿಗೆ ಮನೆ ಬದಲಿಸುತ್ತಿದ್ದೇವೆ. ಸಾಗಣೆಯವರು ಫೋನಿನಲ್ಲೇ ಒಂದು ದರ ಹೇಳಿದರು. ಅಷ್ಟು ಹಣ ಎತ್ತಿಟ್ಟಿದ್ದೇವೆ. ಸಾಕಾ?

ಸಾಕಾಗಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ!

ಮೊದಲು ಆ ಫೋನಿನ ಮಾತು. ಸಾಮಾನು ನೋಡದೆ ಹೇಳಿದ ದರ ದರವೇ ಅಲ್ಲ. ಅಟ್ಟದ ಮೇಲೆ ಏನಿದೆ, ಮಂಚದ ಕೆಳಗೆ ಏನಿದೆ ಅಂತ ಅವರಿಗೇನು ಗೊತ್ತು? ಎಷ್ಟನೇ ಮಹಡಿ, ಲಿಫ್ಟಿನಲ್ಲಿ ಬೀರು ಹಿಡಿಸುತ್ತಾ, ಲಾರಿ ಬಾಗಿಲವರೆಗೂ ಬರುತ್ತಾ, ಎಲ್ಲದಕ್ಕೂ ಖರ್ಚು ಬೇರೆ. ಮನೆಗೆ ಬಂದು ನೋಡಲಿ, ಇಲ್ಲವೇ ವಿಡಿಯೊ ಕರೆಯಲ್ಲಿ ಒಂದೊಂದು ಕಪಾಟೂ ತೆಗೆದು ತೋರಿಸಿ. ದರವನ್ನು ಬರೆದು ಕೊಡಲಿ. ಸಾಮಾನು ಲಾರಿ ಹತ್ತಿದ ಮೇಲೆ 'ಜಾಸ್ತಿ ಆಯ್ತು ಸಾರ್' ಅಂದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪೂರ್ತಿ ಹಣ ಮೊದಲೇ ಕೇಳುವವರ ಸಹವಾಸವೇ ಬೇಡ.

ಆದರೆ ಜನ ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ಹೊಸ ಮನೆಯ ಮುಂಗಡ ಕೊಡಬೇಕಾದ್ದು ಕೀಲಿ ಕೈಗೆ ಬರುವ ಮೊದಲು. ಹಳೆಯದು ವಾಪಸ್ ಬರುವುದು ಮನೆ ಖಾಲಿ ಮಾಡಿದ ಮೇಲೆ, ಅದೂ ರಿಪೇರಿ ಅಂತ ಒಂದಿಷ್ಟು ಮುರಿದುಕೊಂಡು. ಹಳೆಯ ಮುಂಗಡದಲ್ಲೇ ಹೊಸದನ್ನು ಕಟ್ಟುತ್ತೇವೆ ಅಂದುಕೊಂಡವರು ಕೊನೇ ವಾರ ಸಾಲಕ್ಕೆ ಓಡುತ್ತಾರೆ. ಹಾಗಾಗಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಯಾವ ದಿನ ಎಷ್ಟು ಹೋಗುತ್ತದೆ, ಯಾವ ದಿನ ಎಷ್ಟು ಬರುತ್ತದೆ. ಹಳೆಯ ಮುಂಗಡ ಬರುವುದೇ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬಂದರೆ ಒಳ್ಳೆಯದೇ ಆಯಿತಲ್ಲ.

ಕೆಲವು ದಿನ ಎರಡೂ ಮನೆಗೆ ಬಾಡಿಗೆ ಕಟ್ಟುವುದು ದಂಡ ಅಂತ ಗೊಣಗುವವರಿದ್ದಾರೆ. ನಾನಾದರೆ ಸಂತೋಷವಾಗಿ ಕಟ್ಟುತ್ತೇನೆ. ಬೆಳಿಗ್ಗೆ ಇಲ್ಲಿ ಖಾಲಿ, ಸಂಜೆ ಅಲ್ಲಿ ಪ್ರವೇಶ ಅಂತ ಹೊರಟರೆ, ಪೇಂಟರ್ ಒಬ್ಬ ತಡ ಮಾಡಿದರೂ ಸಾಮಾನು ಬೀದಿಯಲ್ಲಿ. ಮೊದಲ ವಾರದ ಖರ್ಚನ್ನಂತೂ ಯಾರೂ ಬರೆಯುವುದಿಲ್ಲ. ಬಾಗಿಲಿನ ಬೀಗ ಬದಲಿಸಬೇಕು, ಹಳೆಯ ಪರದೆ ಹೊಸ ಕಿಟಕಿಗೆ ಗಿಡ್ಡ, ನಲ್ಲಿ ಸೋರುತ್ತೆ, ಅಡುಗೆಮನೆ ಜೋಡಿಸುವವರೆಗೆ ಹೊರಗಿನ ಊಟ. ಇವೆಲ್ಲ ಸೇರಿದರೆ ಸಣ್ಣ ಮೊತ್ತವೇನಲ್ಲ.

ಆನ್‌ಲೈನ್ ಕ್ಯಾಲ್ಕುಲೇಟರ್ ತೋರಿಸಿದ ಮೊತ್ತ ನಂಬಬಹುದಾ?

ಅದು ನಿಮ್ಮ ಅಟ್ಟ ನೋಡಿದೆಯಾ?

ತಿಂಗಳ ಕೊನೆಯ ಭಾನುವಾರವೇ ಅನುಕೂಲ. ದರ ಇಳಿಸುತ್ತಾರಾ?

ಎಲ್ಲರಿಗೂ ಅವತ್ತೇ ಅನುಕೂಲ, ಮತ್ತೆ ಯಾಕೆ ಇಳಿಸುತ್ತಾರೆ? ತಿಂಗಳ ನಡುವೆ, ವಾರದ ನಡುವೆ ಕೇಳಿ ನೋಡಿ.

ವಿಮೆ ಇದೆಯಲ್ಲ, ಪಿಂಗಾಣಿ ನಾವೇ ಕಟ್ಟಿದರೆ ಆಗಲ್ವಾ?

ಕಟ್ಟುವ ಮೊದಲು ಪಾಲಿಸಿ ಓದಿ. ಮನೆಯವರೇ ಕಟ್ಟಿದ ಡಬ್ಬದಲ್ಲಿ ಒಡೆದದ್ದಕ್ಕೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ.

ವಾಷಿಂಗ್ ಮಷೀನ್ ಸುತ್ತ ಕಂಬಳಿ ಸುತ್ತಿದರೆ ಸಾಕಂತೆ, ಹೌದಾ?

ಯಾರ್ರೀ ಹೇಳಿದ್ದು? ಮುಂದುಗಡೆ ಬಾಗಿಲಿರುವ (ಫ್ರಂಟ್ ಲೋಡ್) ಮಷೀನಿನ ಡ್ರಮ್ಮು ಒಳಗೆ ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ. ಕೊಂಡಾಗ ಹಿಂಬದಿಯಿಂದ ಬಿಚ್ಚಿಟ್ಟ ಉದ್ದ ಬೋಲ್ಟುಗಳಿವೆಯಲ್ಲ, ಅವನ್ನು ಹುಡುಕಿ ಮತ್ತೆ ಬಿಗಿಸಿ. ಕಂಬಳಿ ಹೊರಗಿನ ಬಣ್ಣ ಕಾಯುತ್ತದೆ, ಅಷ್ಟೇ.