ಉಡುಪಿ–ಮಂಗಳೂರಲ್ಲಿ ತಿಂಡಿ ಸುತ್ತಾಟ: ಯಾವ ಲಿಸ್ಟ್ ನಂಬೋದು?

ಪ್ರಶ್ನೆ: ಎರಡು ದಿನ ಉಡುಪಿ, ಮಂಗಳೂರಿಗೆ ತಿನ್ನೋಕಂತಾನೇ ಹೋಗ್ತಿದೀವಿ ಸಾರ್. ಮೊಬೈಲಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಅದೇ ಹತ್ತು ಹೋಟ್ಲು ಬರುತ್ತೆ. ಏನ್ ಮಾಡೋದು?
– ಓದುಗರು, ತುಮಕೂರು

ಉತ್ತರ: ಹೋಟ್ಲು ಆಮೇಲೆ, ಮೊದ್ಲು ತಿಂಡಿ ಹೆಸ್ರು ಬರ್ಕೊಳಿ. ಗೋಳಿಬಜೆ (ಮೈದಾ–ಮೊಸರಿನ ಬಜ್ಜಿ), ಬನ್ಸ್ (ಬಾಳೆಹಣ್ಣು ಹಾಕಿದ ಸಿಹಿ ಪೂರಿ), ನೀರುದೋಸೆ, ಮಾಂಸ ತಿನ್ನೋರಾದ್ರೆ ಕೋರಿರೊಟ್ಟಿ (ಗರಿಗರಿ ಅಕ್ಕಿರೊಟ್ಟಿ ಜೊತೆ ಕೋಳಿಸಾರು), ಕೊನೇಲಿ ಗಡ್‌ಬಡ್ ಐಸ್‌ಕ್ರೀಮ್. ಇವನ್ನ ಗೂಗಲ್ ಮ್ಯಾಪ್ಸಲ್ಲಿ ಕನ್ನಡದಲ್ಲೂ ಟೈಪ್ ಮಾಡಿ ನೋಡಿ, ರಿವ್ಯೂ ಹೊಸದು ಮೇಲೆ ಬರೋ ಹಾಗೆ ಇಟ್ಕೊಳಿ, ಸ್ಟಾರ್ ಎಣಿಸ್ಬೇಡಿ, ಗಿರಾಕಿಗಳು ಹಾಕಿರೋ ಫೋಟೋನ ದೊಡ್ಡದು ಮಾಡಿ ನೋಡಿ, ಮುರಿದ ಬನ್ಸ್ ಒಳಗೆ ಬಾಳೆಹಣ್ಣಿನ ಕಂದುಬಣ್ಣ, ಸಣ್ಣಸಣ್ಣ ತೂತು, ಮಧ್ಯೆ ಜೀರಿಗೆ ಕಂಡ್ರೆ ಅಲ್ಲಿಗೆ ಧೈರ್ಯವಾಗಿ ಹೋಗಿ!

ಟೈಮಿಂಗ್ ಮಾತ್ರ ಫೋನ್ ಮಾಡಿ ಕೇಳ್ಲೇಬೇಕು. ನಾವೊಂದ್ಸಲ ಮ್ಯಾಪಲ್ಲಿ ‘ತೆರೆದಿದೆ’ ಅಂತ ಇದ್ದಿದ್ದನ್ನ ನಂಬ್ಕೊಂಡು ಮಕ್ಕಳನ್ನ ಕರ್ಕೊಂಡು ಹೋದ್ರೆ ಶಟರ್ ಎಳೆದಿತ್ತು, ವಾರದ ರಜೆಯಂತೆ, ಪಾಪ ಮಕ್ಕಳ ಮುಖ ನೋಡೋಕಾಗ್ಲಿಲ್ಲ.

ಎರಡೂರಿನ ಮಧ್ಯೆ ಸುಮಾರು 55–60 ಕಿಮೀ ಇದೆ, ಅದಕ್ಕೇ ದಿನಕ್ಕೊಂದೂರು ಸಾಕು. ಉಡುಪಿಲಿ ರಥಬೀದಿ ಹತ್ರ ಮಿತ್ರ ಸಮಾಜ ಹೋಟ್ಲು, ಮಂಗಳೂರಲ್ಲಿ ಗಡ್‌ಬಡ್‌ಗೆ ಲಾಲ್‌ಬಾಗ್‌ನ ಪಬ್ಬಾಸ್, ಇವೆರಡನ್ನ ಬಿಡ್ಬೇಡಿ. ಮಟ್ಟುಗುಳ್ಳ ಅನ್ನೋ ಇಲ್ಲಿನ ಬದನೆಕಾಯಿಯ ಹುಳಿ ಎಲ್ಲಿ ಸಿಗುತ್ತೆ ಅಂತ ಆಟೋದವರನ್ನೇ ಕೇಳಿ, ಅದು ಯಾವ ಆಪಲ್ಲೂ ಸರಿಯಾಗಿ ಸಿಗಲ್ಲ.