ಬೀಗವಿತ್ತೇ ಎಂಬುದೇ ಜಗಳ

ಓದುಗರ ಪತ್ರ (ಸಂಕ್ಷಿಪ್ತವಾಗಿ): "ಸಿದ್ದಾಪುರದ ಕಡೆಯ ಒಳಗಿನ ಊರಿನಲ್ಲಿ ಮಕ್ಕಳಿಗೆ ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ) ಹೇಳಿಕೊಡುತ್ತೇನೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪೇಟೆಗೆ ಹೋದಾಗ ಯೂಟ್ಯೂಬಿನಿಂದ ಬಡಗುತಿಟ್ಟಿನ ಹಳೆಯ ಆಟಗಳನ್ನು ಇಳಿಸಿಕೊಂಡು ಬರುತ್ತೇನೆ. ಹೀಗೆ ವಿಡಿಯೊ ಇಳಿಸುವ ತಂತ್ರಾಂಶವೊಂದನ್ನು ಕಾಪಿರೈಟ್ ನೋಟಿಸು ಕೊಟ್ಟು ತೆಗೆಸಿದ್ದರು, ಆಮೇಲೆ ಅದು ಮರಳಿ ಬಂತು ಎಂದು ಮಗ ಹೇಳುತ್ತಾನೆ. ತಪ್ಪಾಗಿದ್ದರೆ ಮರಳಿ ಬಂದದ್ದು ಹೇಗೆ, ತಪ್ಪಿಲ್ಲದಿದ್ದರೆ ತೆಗೆದದ್ದೇಕೆ? ಮೆಟ್ಟುಗತ್ತಿಯಿಂದ ಒಬ್ಬ ತಪ್ಪು ಮಾಡಿದರೆ ಕತ್ತಿ ಮಾಡಿದ ಆಚಾರಿಯನ್ನು ಹಿಡಿಯುತ್ತಾರೆಯೇ? ನಾನು ಮಾಡುತ್ತಿರುವುದು ಕಳ್ಳತನವೇ?"

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಮಗ ಹೇಳಿದ್ದು ಯೂಟ್ಯೂಬ್-ಡಿಎಲ್ ಎಂಬ ತಂತ್ರಾಂಶದ ಸಂಗತಿಯಿರಬೇಕು. 2006ರಿಂದ ಇರುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಈ ತಂತ್ರಾಂಶವನ್ನು 2020ರ ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವಾದ ಆರ್‌ಐಎಎ ಕೊಟ್ಟ ನೋಟಿಸಿನ ಮೇರೆಗೆ, ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನಿಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣವು ತನ್ನಲ್ಲಿಂದ ತೆಗೆಯಿತು. ಇತರರು ಇಟ್ಟುಕೊಂಡಿದ್ದ ಪ್ರತಿಗಳೂ ಅದರೊಂದಿಗೆ ಹೋದವು. ಸಿಟ್ಟಿಗೆದ್ದ ಕೆಲವರು, ಗಿಟ್‌ಹಬ್ ಇಂಥ ನೋಟಿಸುಗಳನ್ನು ಪ್ರಕಟಿಸಿಡುವ ಜಾಗದಲ್ಲೇ ಆ ತಂತ್ರಾಂಶವನ್ನು ತಂದು ಸೇರಿಸಿದರು. ಅದು ತರಲೆಯೇ ಸರಿ, ಆದರೂ ನನಗೆ ನಗು ತಡೆಯಲಾಗಲಿಲ್ಲ.

ತಮ್ಮ ಮೆಟ್ಟುಗತ್ತಿಯ ಉಪಮೆ ಚೆನ್ನಾಗಿದೆ, ಆದರೆ ಈ ನೋಟಿಸಿಗೆ ಪೂರ್ತಿ ಹೊಂದುವುದಿಲ್ಲ. ಸಾಮಾನ್ಯ ನೋಟಿಸು "ಇದು ನನ್ನ ಹಾಡು, ನನ್ನನ್ನು ಕೇಳದೆ ಹಾಕಿದ್ದೀರಿ" ಎನ್ನುತ್ತದೆ. ಯೂಟ್ಯೂಬ್-ಡಿಎಲ್‌ನಲ್ಲಿ ಯಾರ ಹಾಡೂ ಇರಲಿಲ್ಲ. ಆರ್‌ಐಎಎ ಹಿಡಿದದ್ದು 1998ರ ಅಮೆರಿಕದ ಡಿಎಂಸಿಎ ಎಂಬ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 1201ನೆಯ ಕಲಮನ್ನು. ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು ಮುರಿಯುವುದೇ ಮುಖ್ಯ ಉದ್ದೇಶವಾಗಿರುವ, ಅಥವಾ ಬೀಗ ಮುರಿಯಲೆಂದೇ ಪ್ರಚಾರ ಮಾಡಿ ಹಂಚುವ ಸಾಧನವನ್ನು ಆ ಕಲಮು ನಿಷೇಧಿಸುತ್ತದೆ. ಅಂದರೆ ಅಲ್ಲಿ ಆಚಾರಿಯನ್ನೂ ಹಿಡಿಯಬಹುದು, ಆದರೆ ಕತ್ತಿಯನ್ನು ಅವನು ಯಾತಕ್ಕೆಂದು ಮಾಡಿದ ಎಂಬುದನ್ನು ತೋರಿಸಬೇಕು. ತಂತ್ರಾಂಶ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಸಾಲುಗಳಲ್ಲಿ ಕೆಲವು ಹೆಸರಾಂತ ಗಾಯಕರ ವಿಡಿಯೊಗಳ ಕೊಂಡಿಗಳಿದ್ದವು. ಸಂಘವು ಅವನ್ನೇ ಉದ್ದೇಶಕ್ಕೆ ಸಾಕ್ಷಿಯೆಂದು ಮುಂದಿಟ್ಟಿತು.

ಹಾಗಾದರೆ ಬೀಗವಿತ್ತೇ? ಯೂಟ್ಯೂಬ್ ಕೆಲವು ವಿಡಿಯೊಗಳ ವಿಳಾಸದಲ್ಲಿ ಅಕ್ಷರಗಳ ಒಂದು ಸರಣಿಯನ್ನು ಕಲಸಿ ಕಳುಹಿಸುತ್ತದೆ. ಅದನ್ನು ಮತ್ತೆ ಸರಿಯಾಗಿ ಜೋಡಿಸುವ ಪುಟ್ಟ ಪ್ರೋಗ್ರಾಮನ್ನೂ ಅದೇ ಪುಟದೊಂದಿಗೆ, ನೋಡಲು ಬಂದ ಪ್ರತಿಯೊಬ್ಬರ ಬ್ರೌಸರಿಗೂ ತಾನೇ ಕೊಡುತ್ತದೆ. ಯೂಟ್ಯೂಬ್-ಡಿಎಲ್ ಮಾಡುತ್ತಿದ್ದದ್ದು ಆ ಪ್ರೋಗ್ರಾಮನ್ನು ಬ್ರೌಸರಿನಂತೆಯೇ ಓದಿ ನಡೆಸುವುದನ್ನು. ಪಾಸ್‌ವರ್ಡ್ ಕದ್ದಿಲ್ಲ, ಗುಪ್ತಲಿಪಿ ಒಡೆದಿಲ್ಲ. ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿ, ಬಂದವರೆಲ್ಲ ತೆಗೆದುಕೊಂಡು ಒಳಬರಲಿ ಎಂದವನು, ಅದೇ ಕೀಲಿಯಿಂದ ಒಳಬಂದ ಒಬ್ಬನನ್ನು ಮಾತ್ರ ಬೀಗ ಮುರಿದವನೆನ್ನಲಾಗದು. ತಂತ್ರಾಂಶದ ಪರವಾಗಿ, ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ವಕೀಲರು ಬರೆದ ಪತ್ರದ ತಿರುಳು ಇದೇ. ಪರೀಕ್ಷೆಯ ಸಾಲುಗಳು ಆ ಹಾಡುಗಳ ಕೆಲವೇ ಸೆಕೆಂಡುಗಳನ್ನು ತೆರೆದು ನೋಡುತ್ತವೆ ಎಂದೂ ಅವರು ತೋರಿಸಿದರು. ಆ ಕೊಂಡಿಗಳನ್ನು ತೆಗೆದ ಮೇಲೆ, ನವೆಂಬರ್ 16ರಂದು, ತಂತ್ರಾಂಶ ಮರಳಿ ಬಂತು. ಇನ್ನು ಮುಂದೆ ಇಂಥ ದೂರುಗಳನ್ನು ತಂತ್ರಜ್ಞರೂ ವಕೀಲರೂ ಪರಿಶೀಲಿಸುವರೆಂದೂ, ಸಂದೇಹವಿದ್ದಲ್ಲಿ ತಾನು ತಂತ್ರಾಂಶ ಬರೆದವರ ಪರ ನಿಲ್ಲುವೆನೆಂದೂ ಗಿಟ್‌ಹಬ್ ಹೇಳಿ, ಅಂಥವರ ಕಾನೂನು ನೆರವಿಗೆ 10 ಲಕ್ಷ ಡಾಲರ್ ತೆಗೆದಿಟ್ಟಿತು. ಆದರೆ ಜರ್ಮನಿಯ ಹ್ಯಾಂಬರ್ಗಿನ ನ್ಯಾಯಾಲಯ ಇದೇ ಅಕ್ಷರಸರಣಿಯನ್ನು ಬೀಗವೆಂದೇ ಎಣಿಸಿದೆ. ಈ ತಂತ್ರಾಂಶದ ಜಾಲಪುಟಕ್ಕೆ ಜಾಗ ಕೊಟ್ಟಿದ್ದ ಅಲ್ಲಿನ ಕಂಪನಿಯೊಂದು 2023ರಲ್ಲಿ ಸೋತಿತು. ಆದ್ದರಿಂದ ಜಗಳ ಮುಗಿದಿದೆ ಎನ್ನಲಾರೆ.

ನಮಗೂ ನೋಟಿಸಿನ ಬಿಸಿ ತಟ್ಟಿದೆ. ಶಿರಸಿಯಲ್ಲಿ ನಾವೇ ಚಿತ್ರೀಕರಿಸಿದ ತಾಳಮದ್ದಲೆಯೊಂದನ್ನು (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ), ಅದರ ಪದ್ಯ ತನ್ನ ಕ್ಯಾಸೆಟ್ಟಿನದು ಎಂದು ಒಂದು ಕಂಪನಿ ಜಾಲದಿಂದ ತೆಗೆಸಿಬಿಟ್ಟಿತ್ತು. ಪ್ರಸಂಗ ಬರೆದ ಕವಿ ತೀರಿಹೋಗಿ ಶತಮಾನಗಳಾಗಿವೆ, ಹಾಡಿದವರು ನಮ್ಮ ಎದುರೇ ಕುಳಿತಿದ್ದರು. ಪ್ರತಿನೋಟಿಸು ಕೊಟ್ಟೆವು, ಕೆಲವು ವಾರಗಳಲ್ಲಿ ವಿಡಿಯೊ ಮರಳಿತು. ಅದೇ ಡಿಎಂಸಿಎ ಕಾಯ್ದೆಯ 512ನೆಯ ಕಲಮು ಇಂಥ ಪ್ರತಿನೋಟಿಸಿಗೆ ದಾರಿ ಮಾಡಿಕೊಟ್ಟಿದೆ. 1201ರ ಬೀಗದ ದೂರಿಗೆ ಕಾಯ್ದೆ ಅಂಥ ದಾರಿಯನ್ನು ಹೇಳಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲೇ.

ಇನ್ನು ತಮ್ಮ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವವನನ್ನು ಶಿಕ್ಷಿಸುವುದು ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಅವನಿಗಿದ್ದಾಗ ಮಾತ್ರ. ಎರಡು ವರ್ಷದವರೆಗೆ ಸಜೆಯುಂಟು. ಸ್ವಂತ ಅಭ್ಯಾಸಕ್ಕೆಂದು ನ್ಯಾಯೋಚಿತವಾಗಿ ಬಳಸುವುದನ್ನು 52ನೆಯ ಕಲಮು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಅಂಗಳದ ತುದಿಯಲ್ಲಿ ಮೊಬೈಲು ಹಿಡಿದು ಒಂದೇ ಪದ್ಯವನ್ನು ಹತ್ತು ಸಲ ನಿಲ್ಲಿಸಿ, ಮದ್ದಲೆಯ ಬಿಡ್ತಿಗೆ ಎಲ್ಲಿ ಬಿತ್ತೆಂದು ಮಕ್ಕಳಿಗೆ ತೋರಿಸುವುದನ್ನು ನಾನು ಕಳ್ಳತನವೆನ್ನಲಾರೆ. ತಾನು ಅನುಮತಿಸಿದ ಬಗೆಯಲ್ಲಲ್ಲದೆ ವಿಡಿಯೊ ಇಳಿಸಬಾರದೆಂದು ಯೂಟ್ಯೂಬಿನ ಷರತ್ತು ಹೇಳುತ್ತದೆಂಬುದು ನಿಜ. ಅದು ತಮಗೂ ಆ ಕಂಪನಿಗೂ ನಡುವಿನ ಒಪ್ಪಂದದ ಮಾತು, ಕಳ್ಳತನದ ಮಾತಲ್ಲ.

ಆದರೆ ತಂತ್ರಾಂಶ ಮರಳಿ ಬಂದ ಮಾತ್ರಕ್ಕೆ ಅದರಿಂದ ಇಳಿಸಿದ್ದರ ಮೇಲಿನ ಹಕ್ಕು ತಮ್ಮದಾಗಲಿಲ್ಲ. ಪ್ರಸಂಗ ಎಷ್ಟೇ ಹಳೆಯದಿರಲಿ, ಅಂದು ರಂಗದಲ್ಲಿ ಹಾಡಿದ, ಕುಣಿದ ಕಲಾವಿದರಿಗೆ ಆ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ; ಚಿತ್ರೀಕರಿಸಿದವರ ಹಕ್ಕು ಬೇರೆ. ಮಕ್ಕಳ ಪಾಲಕರು ಪೆನ್‌ಡ್ರೈವ್ ಹಿಡಿದು ಬಂದು ಇಡೀ ಆಟವನ್ನೇ ಹಾಕಿಕೊಡಿ ಎಂದರೆ, ಮೊದಲು ಆ ವಿಡಿಯೊ ಹಾಕಿದವರಿಗೊಂದು ಫೋನು ಮಾಡಿ. ಮಳೆಗಾಲ ಕಳೆದು ಮೇಳ ತಿರುಗಾಟಕ್ಕೆ ಹೊರಟಾಗ ಚೌಕಿಗೇ (ಬಣ್ಣದ ಮನೆಗೇ) ಹೋಗಿ ಭಾಗವತರನ್ನೂ ಒಂದು ಮಾತು ಕೇಳಿ ಬನ್ನಿ.

— ಸಂಪಾದಕ