ಹಳೇ ಪೇಪರ್‌ವೈಟ್ ಬಿಟ್ಟು ಹೊಸ ಇ-ರೀಡರ್ ತಗೊಳ್ಳಬೇಕಾ?

2015ರ ಪೇಪರ್‌ವೈಟ್ (ಅಮೆಜಾನ್‌ನ ಕಿಂಡಲ್ ಇ-ರೀಡರ್, ಅಂದರೆ ಪುಸ್ತಕ ಓದೋಕೆ ಅಂತಲೇ ಇರೋ ಸಾಧನ) ಇದೆ, ದಿನಾ ಓದುತ್ತೇನೆ, ಹೊಸ 7 ಇಂಚಿನದು ತಗೊಳ್ಳಲಾ ಅಂತ ಕೇಳಿದ್ದೀರಿ. ಇಂಗ್ಲಿಷ್ ಜೊತೆಗೆ ಕನ್ನಡವೂ ಓದುತ್ತೇನೆ ಅಂತ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ. ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದನ್ನ ಆ ಕೊನೆಯ ಮಾತೇ ತೀರ್ಮಾನ ಮಾಡುತ್ತೆ.

ನಾನು ಸಕಲೇಶಪುರದವನು, ಕೆಲಸ ಹಾಸನದಲ್ಲಿ. ಓದೋದೆಲ್ಲಾ ಹೆಚ್ಚುಕಡಿಮೆ ಬಸ್ಸಿನಲ್ಲೇ. ನನ್ನ ಹತ್ತಿರವೂ ನಿಮ್ಮದೇ ಮಾಡೆಲ್ ಇತ್ತು, ಆಮೇಲೆ 2021ರ ಪೇಪರ್‌ವೈಟ್‌ಗೆ ಬಂದೆ.

ಮೊದಲು ಒಂದು ವಿಷಯ. ಅಕ್ಷರದ ಸ್ಪಷ್ಟತೆಗೆ ಅಂತ ಬದಲಾಯಿಸಬೇಡಿ. ನಿಮ್ಮದರಲ್ಲೂ 300 ಪಿಪಿಐ (ಒಂದು ಇಂಚಿನಲ್ಲಿ ಇರೋ ಚುಕ್ಕೆಗಳ ಲೆಕ್ಕ), 2024ರ ಹೊಸದರಲ್ಲೂ ಅಷ್ಟೇ. ಪುಟ ಬೇಗ ತಿರುಗುತ್ತೆ, ಪರದೆ ದೊಡ್ಡದು, ಜಾಗ ಜಾಸ್ತಿ, ನಿಜ. ಆದರೆ ಬರೀ ಕಾದಂಬರಿ ಓದುವವರಿಗೆ ನಿಮ್ಮ ಹಳೇದರ 4 ಜಿಬಿಯೇ ತುಂಬಲ್ಲ.

ದಿನಾ ಓದುವವರಿಗೆ ನಿಜವಾಗಿ ಉಪಯೋಗ ಆಗೋದು ಬೇರೆ ಮೂರು. ಒಂದು, ಪರದೆಯ ಹಳದಿ ಬೆಳಕು. ರಾತ್ರಿ ಕರೆಂಟ್ ಹೋದಾಗ ಆ ಹಳೇ ನೀಲಿ-ಬಿಳಿ ಬೆಳಕು ಕಣ್ಣಿಗೆ ಹೊಡೆಯೋದು ನಿಮಗೂ ಗೊತ್ತಿರುತ್ತೆ, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗೋದು ಯಾವಾಗ ಬರೋದು ಯಾವಾಗ ಅಂತ ಯಾರು ಹೇಳ್ತಾರೆ. ಇನ್ನೊಂದು ಐಪಿಎಕ್ಸ್8, ಅಂದರೆ 2 ಮೀಟರ್ ಸಿಹಿನೀರಿನಲ್ಲಿ ಒಂದು ಗಂಟೆ ಬಿದ್ದಿದ್ದರೂ ತಡೆಯುತ್ತೆ ಅನ್ನೋ ಲೆಕ್ಕ. ಜುಲೈನಲ್ಲಿ ಕಿಟಕಿ ಸರಿಯಾಗಿ ಮುಚ್ಚದ ಬಸ್ಸಿಗೆ ಇದು ಸಾಕು. ಮೂರನೇದು ಯುಎಸ್‌ಬಿ-ಸಿ ಪೋರ್ಟ್. ಫೋನಿನ ಚಾರ್ಜರ್ರೇ ಸಾಕಾಗುತ್ತೆ, ಆ ಹಳೇ ಮೈಕ್ರೋ ಕೇಬಲ್ ಹುಡುಕೋ ಗೋಳಿಲ್ಲ. ಇಷ್ಟಕ್ಕೇ ಆದರೆ 2021ರದ್ದು ಒಳ್ಳೇ ಸ್ಥಿತಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು, ಅದರಲ್ಲೂ ಮೂರೂ ಇವೆ.

ಇನ್ನು ಕನ್ನಡ. ಕಿಂಡಲ್ ಅಂಗಡಿಗೆ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆಮೇಲೆ ಕನ್ನಡದವರು ತಮ್ಮದೇ ಆ್ಯಪ್ ಮಾಡಿಕೊಂಡರು. ಮೈಲ್ಯಾಂಗ್, ಋತುಮಾನ ಇವುಗಳಲ್ಲಿ ಹೊಸ ಪುಸ್ತಕಗಳು ಸಿಗುತ್ತವೆ, ಆದರೆ ಆ ಆ್ಯಪ್‌ಗಳನ್ನ ಕಿಂಡಲ್‌ಗೆ ಹಾಕೋಕೆ ಬರಲ್ಲ. ಅಂದರೆ ನೀವು ಎಷ್ಟೇ ಹೊಸ ಪೇಪರ್‌ವೈಟ್ ತಗೊಂಡರೂ ಅವುಗಳಲ್ಲಿ ದುಡ್ಡು ಕೊಟ್ಟು ಕೊಂಡ ಕನ್ನಡ ಪುಸ್ತಕ ಫೋನಿನಲ್ಲೇ ಉಳಿಯುತ್ತೆ!

ಹಾಗಾಗಿ ಓದಿನಲ್ಲಿ ಅರ್ಧ ಕನ್ನಡ ಇದ್ದರೆ ನಾನು ಪೇಪರ್‌ವೈಟ್ ಬಿಟ್ಟು ಬೂಕ್ಸ್ (Boox) ಕಂಪನಿಯ ಥರದ, ಆಂಡ್ರಾಯ್ಡ್ ಇರೋ ಇ-ಇಂಕ್ (ಕಾಗದದ ಹಾಗೆ ಕಾಣುವ ಪರದೆಯ) ಸಾಧನ ನೋಡಿ ಅಂತೀನಿ. ಪ್ಲೇ ಸ್ಟೋರ್ ಇರುತ್ತೆ, ಕನ್ನಡದ ಆ್ಯಪ್ ಹಾಕಬಹುದು, ಕಿಂಡಲ್ ಆ್ಯಪ್ ಹಾಕಿದರೆ ಈಗಿರುವ ಇಂಗ್ಲಿಷ್ ಪುಸ್ತಕಗಳೂ ಅಲ್ಲೇ ಬರುತ್ತವೆ. ಕೊರತೆ ಇಲ್ಲ ಅಂತಲ್ಲ. ಬ್ಯಾಟರಿ ಕಿಂಡಲ್‌ನಷ್ಟು ಬಾಳಲ್ಲ, ವೈಫೈ ಆಫ್ ಮಾಡಿಡೋ ಅಭ್ಯಾಸ ಬೇಕು. ಈ ಆ್ಯಪ್‌ಗಳನ್ನ ಫೋನಿಗೆ ಅಂತ ಮಾಡಿರೋದರಿಂದ ಪುಟ ಜಾರಿಸುವಾಗ ಹಿಂದಿನ ಪುಟದ ನೆರಳು ಸ್ವಲ್ಪ ಉಳಿಯುತ್ತೆ. ನೀರಿಗೆ ತಡೆಯುತ್ತಾ ಅನ್ನೋದನ್ನ ಮಾಡೆಲ್ ನೋಡಿಯೇ ತಗೊಳ್ಳಿ. ಬಣ್ಣದ ಪರದೆಗೆ ಮಾತ್ರ ಆಸೆ ಪಡಬೇಡಿ, ಕೆಲಿಡೋ 3 ಅನ್ನೋ ಬಣ್ಣದ ಇ-ಇಂಕ್ ಪರದೆಯಲ್ಲಿ ಬಣ್ಣ 150 ಪಿಪಿಐ ಅಷ್ಟೇ, ಹಿನ್ನೆಲೆಯೂ ಮಬ್ಬು.

ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಸ್ಕ್ಯಾನ್ ಪಿಡಿಎಫ್ ಜಾಸ್ತಿ ಓದ್ತೀರಾ? ಹಾಗಾದರೆ 6, 7 ಇಂಚು ಎರಡೂ ಸುಮ್ನೆ, 10 ಇಂಚಿನದಕ್ಕೇ ಹೋಗಿ.

ಏನನ್ನೂ ಆರ್ಡರ್ ಮಾಡುವ ಮೊದಲು ಒಂದು ಕೆಲಸ ಮಾಡಿ, ಖರ್ಚಿಲ್ಲ. ಹಳೇ ಪುಸ್ತಕಗಳು ಉಚಿತವಾಗಿ ಸಿಗೋ ಕನ್ನಡ ವಿಕಿಸೋರ್ಸ್‌ನಿಂದ ಯಾವುದಾದರೂ ಪುಸ್ತಕವನ್ನ ಇಪಬ್ (ಇ-ಪುಸ್ತಕದ ಫೈಲ್) ಆಗಿ ಇಳಿಸಿ, ಅಮೆಜಾನ್‌ನ ಸೆಂಡ್ ಟು ಕಿಂಡಲ್ ಸೇವೆಯಲ್ಲಿ ನಿಮ್ಮ ಹಳೇದಕ್ಕೇ ಕಳಿಸಿ. ಒತ್ತಕ್ಷರ, ದೀರ್ಘ ಎಲ್ಲಾ ಜಾಗದಲ್ಲೇ ಕೂತಿದೆಯಾ ನೋಡಿ. ಸರಿ ಬಂದು, ನಿಮ್ಮ ಕನ್ನಡದ ಓದು ಇಂಥ ಹಳೇ ಉಚಿತ ಪುಸ್ತಕಗಳಷ್ಟೇ ಆಗಿದ್ದರೆ, ಬ್ಯಾಟರಿ ಸಾಯುವ ತನಕ ಇರೋದರಲ್ಲೇ ಓದಿ. ಹೊಸದು ತಗೊಂಡರೆ ಮಾತ್ರ ಗಟ್ಟಿ ಕವರ್ ಅವತ್ತೇ ತರಿಸಿ. ಪರದೆ ಒಡೆದರೆ ಹಾಸನದಲ್ಲಿ ಅದನ್ನ ಬಿಚ್ಚೋಕೆ ಒಪ್ಪುವ ಅಂಗಡಿ ನನಗಂತೂ ಸಿಕ್ಕಿಲ್ಲ.